ರೂಟ್ ಕೆನಾಲ್ ಆದ ಹಲ್ಲು ಮತ್ತೆ ನೋಯುತ್ತಿದೆ: ಮೈಕ್ರೋಸ್ಕೋಪ್ ಬೇಕೆ, ಲೇಸರ್ ಬೇಕೆ?

ಪ್ರಶ್ನೆ: ನನಗೆ 43 ವರ್ಷ. ಮೇಲಿನ ಬಲಗಡೆಯ ಮೊದಲ ದವಡೆ ಹಲ್ಲಿಗೆ ಎರಡು ವರ್ಷದ ಹಿಂದೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದೆ. ಆರು ತಿಂಗಳಿಂದ ಆ ಕಡೆ ಗಟ್ಟಿ ತಿಂಡಿ ಕಚ್ಚಿದರೆ ನೋವು. ವಸಡಿನ ಮೇಲೆ ಸಣ್ಣ ಗುಳ್ಳೆಯೊಂದು ಬರುತ್ತದೆ, ಒಡೆಯುತ್ತದೆ, ಮತ್ತೆ ಬರುತ್ತದೆ. ಒಬ್ಬ ಡಾಕ್ಟರು ಕೀಳಿಸಿ ಇಂಪ್ಲಾಂಟ್ ಹಾಕಿಸಿ ಎನ್ನುತ್ತಾರೆ. ಇನ್ನೊಬ್ಬರು ಮೈಕ್ರೋಸ್ಕೋಪ್ ಮತ್ತು ಲೇಸರ್ ಬಳಸಿ ಮತ್ತೆ ರೂಟ್ ಕೆನಾಲ್ ಮಾಡಿ ಉಳಿಸೋಣ ಎನ್ನುತ್ತಾರೆ. ಖರ್ಚು ಮೊದಲಿಗಿಂತ ತುಂಬ ಹೆಚ್ಚು. ನಮ್ಮ ಅಮ್ಮನಿಗೆ 69. ಬಿಪಿಗೆ ಅಮ್ಲೋಡಿಪಿನ್, ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುತ್ತಾರೆ. ಅವರ ವಸಡು ದಪ್ಪವಾಗಿ ಮುಂದಿನ ಹಲ್ಲುಗಳ ಮೇಲೆ ಬೆಳೆದಿದೆ. ಲೇಸರ್‌ನಲ್ಲಿ ತೆಗೆದರೆ ರಕ್ತ ಬರುವುದಿಲ್ಲ, ಇಂಜೆಕ್ಷನ್ ಕೂಡ ಬೇಡ ಎಂದಿದ್ದಾರೆ. ಇವೆಲ್ಲ ನಿಜವೇ? ದುಡ್ಡಿಗೆ ತಕ್ಕ ಪ್ರಯೋಜನ ಇದೆಯೇ?

ಉತ್ತರ: ನಿಮ್ಮ ಹಲ್ಲನ್ನು ಈಗಲೇ ಕೀಳಿಸಬೇಡಿ. ಬೇರು ಉದ್ದಕ್ಕೆ ಸೀಳಿದೆಯೇ ಇಲ್ಲವೇ ಎಂಬುದು ಖಚಿತವಾಗುವ ತನಕ ಆ ತೀರ್ಮಾನಕ್ಕೆ ಆಧಾರವಿಲ್ಲ. ಮತ್ತೆ ಚಿಕಿತ್ಸೆ ಮಾಡಿಸುವುದಾದರೆ ಮೈಕ್ರೋಸ್ಕೋಪ್ ಇರುವ, ಅದನ್ನು ದಿನಾ ಬಳಸುವ ಎಂಡೋಡಾಂಟಿಸ್ಟ್ (ರೂಟ್ ಕೆನಾಲ್ ಪರಿಣತ ದಂತವೈದ್ಯರು) ಬಳಿಯೇ ಮಾಡಿಸಿ. ಆ ಹೆಚ್ಚಿನ ಖರ್ಚಿಗೆ ಅರ್ಥವಿದೆ. ಲೇಸರ್ ಇದ್ದರೆ ಇರಲಿ, ಇಲ್ಲದಿದ್ದರೂ ನಿಮ್ಮ ಹಲ್ಲಿಗೆ ಆಗುವ ನಷ್ಟ ಬಹಳ ಕಡಿಮೆ. ಅಮ್ಮನ ವಿಷಯ ಬೇರೆ. ಅಲ್ಲಿ ಲೇಸರ್ ಒಳ್ಳೆಯ ಆಯ್ಕೆಯೇ, ಆದರೆ ಅದಕ್ಕೂ ಮುಂಚೆ ಆಗಬೇಕಾದ ಕೆಲಸಗಳಿವೆ.

ಮೇಲಿನ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು. ಮೂರು ಬೇರಿಗೆ ಮೂರು ನಾಳ ಎಂದು ಲೆಕ್ಕ ಹಾಕಿ ತುಂಬಿಸಿದರೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಒಂದು ನಾಳ ಒಳಗೇ ಉಳಿದುಹೋಗುತ್ತದೆ. ಕೆನ್ನೆಯ ಕಡೆ ಇರುವ ಎರಡು ಬೇರುಗಳಲ್ಲಿ ಮುಂದಿನದು ಚಪ್ಪಟೆ. ಅದರೊಳಗೆ ಹೆಚ್ಚಾಗಿ ಎರಡು ನಾಳಗಳಿರುತ್ತವೆ. ಎರಡನೆಯದನ್ನು ದಂತವೈದ್ಯರು ಎಂಬಿ-2 ಎಂದು ಕರೆಯುತ್ತಾರೆ. ಅದರ ಬಾಯಿ ಮೊದಲನೆಯ ನಾಳದಿಂದ ಅಂಗುಳಿನ ಕಡೆಗೆ ಸುಮಾರು 2 ಮಿ.ಮೀ. ದೂರದಲ್ಲಿ, ಡೆಂಟಿನ್‌ನ ಚಾಚಿನ ಕೆಳಗೆ ಅಡಗಿರುತ್ತದೆ; ಡೆಂಟಿನ್ ಎಂದರೆ ಎನಾಮೆಲ್ ಅಡಿಯಲ್ಲಿರುವ ಹಲ್ಲಿನ ಗಟ್ಟಿ ಭಾಗ. ಬಾಯಿಯ ಅಗಲ ಅರ್ಧ ಮಿಲಿಮೀಟರಿಗಿಂತ ಕಡಿಮೆ. ವಯಸ್ಸಾದಂತೆ, ಹಲ್ಲು ಹುಳುಕಾದಂತೆ ಅದರ ಮೇಲೆ ಸುಣ್ಣದಂಶ ಕೂಡಿ ಇನ್ನೂ ಕಿರಿದಾಗುತ್ತದೆ. ತುಂಬದೆ ಬಿಟ್ಟ ನಾಳದಲ್ಲಿ ಸತ್ತ ಅಂಗಾಂಶ, ಅದರಲ್ಲಿ ಬ್ಯಾಕ್ಟೀರಿಯಾ. ಒಂದೆರಡು ವರ್ಷದಲ್ಲಿ ಬೇರಿನ ತುದಿಯಲ್ಲಿ ಕೀವು, ವಸಡಿನ ಮೇಲೆ ಗುಳ್ಳೆ. ನೀವು ಹೇಳಿದ ಲಕ್ಷಣಗಳಿಗೆ ಇದು ಸರಿಯಾಗಿ ಹೊಂದುತ್ತದೆ. ಖಚಿತವಾಗಿ ಇದೇ ಎಂದು ನೋಡದೆ ಹೇಳಲಾಗದು. ಮೊದಲು ಹುಡುಕಬೇಕಾದದ್ದು ಮಾತ್ರ ಇದನ್ನೇ.

ಬರಿಗಣ್ಣಿಗೆ ಎರಡು ಚುಕ್ಕೆಗಳು ಬೇರೆಬೇರೆಯಾಗಿ ಕಾಣಬೇಕಾದರೆ ಅವುಗಳ ನಡುವೆ ಸುಮಾರು 0.2 ಮಿ.ಮೀ. ಅಂತರವಾದರೂ ಇರಬೇಕು. ಕನ್ನಡಕದಂತೆ ಧರಿಸುವ ಲೂಪ್ ಭೂತಗನ್ನಡಿ 2.5ರಿಂದ 6 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ದಂತ ಮೈಕ್ರೋಸ್ಕೋಪ್ ಸುಮಾರು 3ರಿಂದ 25 ಪಟ್ಟಿನವರೆಗೆ ಹೋಗುತ್ತದೆ. ಆದರೆ ದೊಡ್ಡದಾಗಿ ಕಾಣುವುದಕ್ಕಿಂತಲೂ ಮುಖ್ಯವಾದದ್ದು ಬೆಳಕು. ಕುರ್ಚಿಯ ಮೇಲಿನ ಲೈಟು ಓರೆಯಾಗಿ ಬೀಳುವುದರಿಂದ ಹಲ್ಲಿನೊಳಗಿನ ಗುಂಡಿಯಲ್ಲಿ ಯಾವಾಗಲೂ ನೆರಳು. ಮೈಕ್ರೋಸ್ಕೋಪಿನ ಬೆಳಕು ವೈದ್ಯರ ದೃಷ್ಟಿಯ ದಾರಿಯಲ್ಲೇ ನೇರವಾಗಿ ಇಳಿಯುತ್ತದೆ. ಬಾವಿಗೆ ಪಕ್ಕದಿಂದ ಟಾರ್ಚು ಹಿಡಿದರೆ ಗೋಡೆ ಕಾಣುತ್ತದೆ, ಮೇಲಿನಿಂದ ನೇರ ಹಿಡಿದರೆ ತಳ ಕಾಣುತ್ತದೆ. ಇಲ್ಲಿನ ವ್ಯತ್ಯಾಸವೂ ಅಷ್ಟೇ. ತಳ ಕಂಡಾಗ ಡೆಂಟಿನ್‌ನ ಬಣ್ಣದ ವ್ಯತ್ಯಾಸ ಗೊತ್ತಾಗುತ್ತದೆ. ಹಲ್ಲಿನ ಕೋಣೆಯ (ಮೊದಲು ನರ ಇದ್ದ ಟೊಳ್ಳು ಜಾಗದ) ನೆಲ ಬೂದು ಬಣ್ಣ, ಗೋಡೆ ತಿಳಿ ಹಳದಿ, ನಾಳಗಳ ಬಾಯಿಗಳನ್ನು ಕೂಡಿಸುವ ಗೆರೆ ಇನ್ನೂ ಕಪ್ಪು. ಎಂಬಿ-2 ಹುಡುಕುವವರು ಹಿಂಬಾಲಿಸುವುದು ಈ ಗೆರೆಯನ್ನೇ.

ಜರ್ಮನಿಯ ಝೈಸ್ ಕಂಪನಿ 1953ರಲ್ಲೇ ಶಸ್ತ್ರಚಿಕಿತ್ಸೆಯ ಮೈಕ್ರೋಸ್ಕೋಪನ್ನು ಮಾರುಕಟ್ಟೆಗೆ ತಂದಿತ್ತು. ಕಿವಿಯ ವೈದ್ಯರು ಅದನ್ನು ಕೂಡಲೇ ಒಪ್ಪಿಕೊಂಡರು. ಹಲ್ಲಿಗೆಂದೇ ಮಾಡಿದ ಮೊದಲ ಮೈಕ್ರೋಸ್ಕೋಪ್ 1981ರಲ್ಲಿ ಬಂದರೂ ಕುಳಿತು ಬಳಸಲು ಕಷ್ಟವಾಗಿ ಮೂಲೆ ಸೇರಿತು. 1990ರ ದಶಕದಲ್ಲಿ ಅಮೆರಿಕದ ಎಂಡೋಡಾಂಟಿಸ್ಟ್ ಗ್ಯಾರಿ ಕಾರ್ ಅದನ್ನು ಕುರ್ಚಿಯ ಪಕ್ಕಕ್ಕೆ ಒಗ್ಗಿಸಿದರು, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸಿಂಗ್‌ಕುಕ್ ಕಿಮ್ ಬೇರಿನ ತುದಿಯ ಶಸ್ತ್ರಚಿಕಿತ್ಸೆಯನ್ನು ಅದರಡಿಯಲ್ಲೇ ಹೊಸದಾಗಿ ಕಟ್ಟಿದರು. ಆ ದಶಕ ಮುಗಿಯುವ ಹೊತ್ತಿಗೆ ಅಮೆರಿಕದ ಎಂಡೋಡಾಂಟಿಕ್ಸ್ ಪರಿಣತಿ ಕೋರ್ಸುಗಳಲ್ಲಿ ಮೈಕ್ರೋಸ್ಕೋಪ್ ತರಬೇತಿ ಕಡ್ಡಾಯವಾಯಿತು.

ನಿಮ್ಮ ಹಲ್ಲಿಗೆ ಏನು, ಯಾವ ಕ್ರಮದಲ್ಲಿ

ಗುಳ್ಳೆಯ ಮೂಲ ಯಾವುದೆಂದು ಮೊದಲು ತಿಳಿಯಬೇಕು. ಗುಳ್ಳೆ ಕಂಡ ಜಾಗದ ಹಲ್ಲೇ ಅಪರಾಧಿ ಎಂದು ನಂಬುವಂತಿಲ್ಲ. ಅದರ ರಂಧ್ರದೊಳಗೆ ತೆಳ್ಳಗಿನ ಗಟಾಪರ್ಚಾ (ನಾಳ ತುಂಬಲು ಬಳಸುವ ರಬ್ಬರಿನಂಥ ವಸ್ತು) ಕಡ್ಡಿಯೊಂದನ್ನು, ತಡೆ ಸಿಗುವವರೆಗೆ ಮೆಲ್ಲಗೆ ಸೇರಿಸಿ ಎಕ್ಸ್‌ರೇ ತೆಗೆದರೆ, ಕಡ್ಡಿ ಬಿಳಿ ಗೆರೆಯಾಗಿ ಯಾವ ಬೇರಿನ ಯಾವ ಭಾಗಕ್ಕೆ ಹೋಗುತ್ತದೆ ಎಂದು ಕಾಣುತ್ತದೆ. ಎರಡು ನಿಮಿಷದ ಕೆಲಸ, ಖರ್ಚೂ ಕಡಿಮೆ. ಇದನ್ನು ಬಿಟ್ಟು ನೇರವಾಗಿ ದೊಡ್ಡ ಚಿಕಿತ್ಸೆಗೆ ಹೊರಟರೆ ಕೇಳಿ, ಮಾಡಿಸಿಕೊಳ್ಳಿ. ಕಡ್ಡಿ ಬೇರಿನ ತುದಿಗೆ ಹೋದರೆ ಸೋಂಕು ನಾಳದಿಂದ ಬಂದಿರುವ ಸಂಭವ ಹೆಚ್ಚು. ಬೇರಿನ ನಡುಮಟ್ಟದಲ್ಲೇ ನಿಂತರೆ, ಜೊತೆಗೆ ವಸಡಿನ ಸುತ್ತ ಅಳೆಯುವಾಗ ಒಂದೇ ಒಂದು ಕಡೆ ಅಳತೆಯ ಕಡ್ಡಿ ಸರ್ರನೆ ಆಳಕ್ಕಿಳಿದರೆ, ಬೇರು ಸೀಳಿರುವ ಅನುಮಾನ ಬಲವಾಗುತ್ತದೆ.

ಆಮೇಲೆ ಸಿಬಿಸಿಟಿ, ಅಂದರೆ ಹಲ್ಲು-ಮೂಳೆಯ ಮೂರು ಆಯಾಮದ ಎಕ್ಸ್‌ರೇ ಸ್ಕ್ಯಾನ್. ಪೂರ್ತಿ ಬಾಯಿಯದು ಬೇಡ. ನಾಲ್ಕೈದು ಸೆಂಟಿಮೀಟರ್ ಅಗಲದ ಸಣ್ಣ ಭಾಗದ ಸ್ಕ್ಯಾನ್ ಸಾಕು, ವಿಕಿರಣವೂ ಕಡಿಮೆ, ಚಿತ್ರವೂ ಸ್ಪಷ್ಟ. ಅಡ್ಡ ಕೊಯ್ತದ ಚಿತ್ರದಲ್ಲಿ ಬೇರಿನ ನಟ್ಟನಡುವೆ ತುಂಬಿದ ಬಿಳಿ ಚುಕ್ಕೆ ಕಂಡರೆ ಒಂದೇ ನಾಳವಿದೆ ಎಂದರ್ಥ. ಚುಕ್ಕೆ ಒಂದು ಬದಿಗೆ ಸರಿದು ಪಕ್ಕದ ಜಾಗ ಖಾಲಿಯಿದ್ದರೆ ಅಲ್ಲಿ ಇನ್ನೊಂದು ನಾಳ ಉಳಿದಿದೆ. ಇದೇ ಸ್ಕ್ಯಾನಿನಲ್ಲಿ ಮೇಲಿರುವ ಸೈನಸ್ಸಿನ (ಮೂಗಿನ ಪಕ್ಕದ ಮೂಳೆಯೊಳಗಿನ ಗಾಳಿ ಗೂಡಿನ) ಪೊರೆ ದಪ್ಪವಾಗಿದೆಯೇ ಎಂದೂ ನೋಡಬೇಕು. ಬಲಗಡೆಯ ಮೂಗು ಮಾತ್ರ ಪದೇಪದೇ ಕಟ್ಟುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಿ. ಮೇಲಿನ ದವಡೆ ಹಲ್ಲಿನ ಸೋಂಕು ಸೈನಸ್ಸಿಗೆ ಹರಡುವುದುಂಟು.

ಮರುಚಿಕಿತ್ಸೆಯ ದಿನ ರಬ್ಬರ್ ಡ್ಯಾಮ್, ಅಂದರೆ ಆ ಹಲ್ಲನ್ನು ಬಾಯಿಯಿಂದ ಬೇರ್ಪಡಿಸುವ ತೆಳು ರಬ್ಬರ್ ಹಾಳೆ, ಹಾಕಲೇಬೇಕು. ಅದಿಲ್ಲದೆ ಮೈಕ್ರೋಸ್ಕೋಪಿನಿಂದ ಹೆಚ್ಚು ಪ್ರಯೋಜನವಿಲ್ಲ. ಉಸಿರಿನ ಆವಿ ಕನ್ನಡಿಯನ್ನು ಮುಸುಕುತ್ತದೆ, ಎಂಜಲು ನಾಳಕ್ಕೆ ಇಳಿಯುತ್ತದೆ. ಕ್ಯಾಪಿನಲ್ಲಿ ಕಿಂಡಿ ಕೊರೆಯಬಹುದು. ಆದರೆ ಕ್ಯಾಪಿನ ಅಂಚಿನಲ್ಲಿ ಸಂದು ಬಿಟ್ಟಿದ್ದರೆ ಪೂರ್ತಿ ತೆಗೆದುಬಿಡುವುದೇ ಮೇಲು, ಏಕೆಂದರೆ ಆ ಸಂದಿನಿಂದಲೇ ಸೋಂಕು ಮತ್ತೆ ಒಳಗೆ ಬಂದಿರಬಹುದು. ಬಿರುಕು ಇದ್ದರೂ ಆಗಲೇ ಕಾಣುವುದು. ಹಳೆಯ ಫಿಲ್ಲಿಂಗ್ ತೆಗೆದ ಮೇಲೆ ನೆಲಕ್ಕೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚಿ ತೊಳೆದರೆ ಬಿರುಕು, ನಾಳದ ಬಾಯಿ ಎರಡೂ ನೀಲಿ ಹಿಡಿದು ನಿಲ್ಲುತ್ತವೆ. 3ರಿಂದ 8 ಪಟ್ಟಿನಲ್ಲಿ ದಿಕ್ಕು ಗುರುತಿಸಿ, 8ರಿಂದ 16ರಲ್ಲಿ ಕೆಲಸ ಮಾಡಿ, ಅದಕ್ಕೂ ಮೇಲಿನ ಪಟ್ಟನ್ನು ಪರೀಕ್ಷಿಸಲು ಮಾತ್ರ ಬಳಸುವುದು ರೂಢಿ. ಪಟ್ಟು ಹೆಚ್ಚಿದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಡಿಮೆಯಾಗುತ್ತದೆ, ರೋಗಿ ಉಗುಳು ನುಂಗಿದರೂ ಚಿತ್ರ ಜಾರುತ್ತದೆ.

ಎಂಬಿ-2 ಮೇಲಿನ ಡೆಂಟಿನ್ ಚಾಚನ್ನು ಅತಿವೇಗವಾಗಿ ಕಂಪಿಸುವ ಸಣ್ಣ ಅಲ್ಟ್ರಾಸಾನಿಕ್ ಟಿಪ್‌ನಿಂದ ಉಜ್ಜಿ ಉಜ್ಜಿ 1ರಿಂದ 2 ಮಿ.ಮೀ., ಕೆಲವೊಮ್ಮೆ 3 ಮಿ.ಮೀ. ಆಳಕ್ಕೆ ಇಳಿಸಬೇಕಾಗುತ್ತದೆ. ಇಲ್ಲಿಯೇ ಅಪಾಯ. ಮುಂಬದಿಗೆ ವಾಲಿಸುವ ಬದಲು ನೇರವಾಗಿ ಕೆಳಗೆ ಕೊರೆದರೆ ಬೇರುಗಳು ಕವಲೊಡೆಯುವ ಜಾಗದಲ್ಲಿ ತೂತು ಬೀಳುತ್ತದೆ. ನಾಳ ಸಿಕ್ಕಿದೆಯೇ ಎಂಬ ಅನುಮಾನ ಬಂದಾಗ ಕೋಣೆಯಲ್ಲಿ ಸೋಡಿಯಂ ಹೈಪೋಕ್ಲೋರೈಟ್ (ಸೂಕ್ಷ್ಮಾಣು ಕೊಲ್ಲುವ ಬ್ಲೀಚ್ ದ್ರವ) ತುಂಬಿ ಸುಮ್ಮನೆ ನೋಡಬೇಕು. ಒಳಗೆ ಕೊಳೆತ ಅಂಗಾಂಶವಿದ್ದರೆ ಆ ಜಾಗದಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. 10ನೇ ನಂಬರಿನ ಫೈಲ್, ಅಂದರೆ ತುದಿ 0.10 ಮಿ.ಮೀ. ಇರುವ ಸೂಜಿ, ಅಲ್ಲಿ ಹಿಡಿದುಕೊಂಡರೆ ನಾಳ ಸಿಕ್ಕಂತೆ. ಸಿಕ್ಕ ಖುಷಿಯಲ್ಲಿ ಕೂಡಲೇ ಮೋಟಾರ್ ಫೈಲ್ ತಿರುಗಿಸಿದರೆ ಕಿರಿದಾದ, ಬಾಗಿದ ಆ ನಾಳದಲ್ಲಿ ಅದು ಮುರಿದು ಕೂರುತ್ತದೆ. ಕೈಫೈಲಿನಿಂದ ದಾರಿ ಸಲೀಸಾದ ಮೇಲಷ್ಟೇ ಮೋಟಾರ್.

ತೊಳೆಯಲು 3ರಿಂದ 5 ಶೇಕಡ ಹೈಪೋಕ್ಲೋರೈಟ್, ಕೊನೆಗೆ 17 ಶೇಕಡ ಇಡಿಟಿಎ, ಅಂದರೆ ಗೋಡೆಗೆ ಅಂಟಿದ ಸುಣ್ಣದಂಶದ ಪುಡಿಯನ್ನು ಕರಗಿಸುವ ದ್ರವ. ದ್ರವ ಬಿಡುವ ಸೂಜಿಯ ರಂಧ್ರ ಪಕ್ಕದಲ್ಲಿರಬೇಕು, ತುದಿ ನಾಳದ ಕೊನೆಗಿಂತ 1–2 ಮಿ.ಮೀ. ಹಿಂದೆ ನಿಲ್ಲಬೇಕು, ಎಲ್ಲೂ ಬಿಗಿಯಾಗಿ ಸಿಕ್ಕಿಕೊಳ್ಳಬಾರದು. ಬಿಗಿಯಾದ ಸೂಜಿಯಿಂದ ಒತ್ತಿದ ದ್ರವ ಬೇರಿನ ಆಚೆ ಹೋದರೆ ಕೆಲವೇ ನಿಮಿಷದಲ್ಲಿ ಕೆನ್ನೆ ಊದಿ, ಉರಿ ತಡೆಯಲಾಗದಂತೆ ಆಗುತ್ತದೆ. ನಿಮಗೆ ಕೀವು ಸುರಿಯುತ್ತಿರುವುದರಿಂದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿ ಒಂದೆರಡು ವಾರ ಬಿಟ್ಟು, ಗುಳ್ಳೆ ಮುಚ್ಚಿದ ಮೇಲೆ ಅಂತಿಮವಾಗಿ ತುಂಬುವುದು ನನಗೆ ಸರಿ ಕಾಣುತ್ತದೆ. ಆಮೇಲೆ ಕ್ಯಾಪ್ ಹಾಕಿಸುವುದನ್ನು ತಿಂಗಳುಗಟ್ಟಲೆ ಮುಂದೂಡಬೇಡಿ. ತಾತ್ಕಾಲಿಕ ಸಿಮೆಂಟ್ ಸೋರುತ್ತದೆ, ಕ್ಯಾಪ್ ಇಲ್ಲದ ದವಡೆ ಹಲ್ಲು ಸೀಳುತ್ತದೆ. ಎರಡೂ ಸೇರಿ ಅಷ್ಟೂ ಶ್ರಮವನ್ನು ಹಾಳುಮಾಡುತ್ತವೆ.

ಬಿರುಕು ಕೋಣೆಯ ನೆಲವನ್ನು ದಾಟಿ ಬೇರಿಗೆ ಇಳಿದಿರುವುದು ಮೈಕ್ರೋಸ್ಕೋಪಿನಲ್ಲಿ ಕಂಡರೆ ಅಲ್ಲಿಗೆ ನಿಲ್ಲಿಸಿ ಹಲ್ಲು ಕೀಳುವುದೇ ಸರಿ. ಆಗ ಇಂಪ್ಲಾಂಟ್ ಹೇಳಿದ ಡಾಕ್ಟರು ಸರಿಯಾಗಿಯೇ ಹೇಳಿದ್ದರು ಎಂದಾಗುತ್ತದೆ. ಇದಕ್ಕೆ ಮೊದಲೇ ಮಾತಾಡಿಕೊಳ್ಳಿ: ಬಿಚ್ಚಿ ನೋಡಿದ ಮೇಲೆ ಹಲ್ಲು ಉಳಿಯದು ಎಂದಾದರೆ ಪೂರ್ತಿ ಶುಲ್ಕವೇ, ನೋಡಿದ್ದಕ್ಕೆ ಮಾತ್ರವೇ ಎಂದು.

ಇಲ್ಲಿ ಲೇಸರಿನ ಪಾತ್ರವೇನು? ನಿಮ್ಮ ಡಾಕ್ಟರು ಎರಡರಲ್ಲೊಂದನ್ನು ಹೇಳುತ್ತಿರಬಹುದು. ಒಂದು, ಡಯೋಡ್ ಲೇಸರಿನ ಕೂದಲೆಳೆಯಂಥ ಫೈಬರನ್ನು ನಾಳದೊಳಗೆ ಇಳಿಸಿ, ಸುತ್ತು ಹಾಕುತ್ತ ಮೇಲೆತ್ತುವುದು. ಶಾಖದಿಂದ ಬ್ಯಾಕ್ಟೀರಿಯಾ ಸಾಯುತ್ತವೆ. ಆದರೆ ಬೆಳಕು ನೇರ ರೇಖೆಯಲ್ಲಿ ಹೋಗುತ್ತದೆ, ನಾಳವೋ ಬಾಗಿರುತ್ತದೆ. ಫೈಬರ್ ಒಂದೇ ಕಡೆ ನಿಂತರೆ ಬೇರಿನ ಹೊರಮೈ ಕಾಯುತ್ತದೆ. ಮೂಳೆ 47 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಒಂದು ನಿಮಿಷ ಅನುಭವಿಸಿದರೆ ಸಾಕು, ಅದಕ್ಕೆ ಪೆಟ್ಟು ಬೀಳುತ್ತದೆ ಎಂದು 1983ರಲ್ಲೇ ಮೊಲಗಳ ಮೇಲಿನ ಪ್ರಯೋಗ ತೋರಿಸಿದೆ. ಎರಡನೆಯದು ಎರ್ಬಿಯಂ ಲೇಸರ್. ಇದರ ಟಿಪ್ ನಾಳಕ್ಕೆ ಇಳಿಯುವುದೇ ಇಲ್ಲ. ಕೋಣೆಯಲ್ಲಿ ತುಂಬಿದ ದ್ರವದಲ್ಲಿ ನಿಂತು, ಒಂದು ಮಿಡಿತಕ್ಕೆ ಸುಮಾರು 20 ಮಿಲಿಜೂಲ್, ಸೆಕೆಂಡಿಗೆ 15 ಮಿಡಿತದಂತೆ ಹೊಡೆಯುತ್ತದೆ. ಆವಿಯ ಗುಳ್ಳೆ ಹುಟ್ಟಿ ಒಡೆಯುವ ರಭಸಕ್ಕೆ ಹೈಪೋಕ್ಲೋರೈಟ್ ಮೂಲೆಮೂಲೆಗೂ ನುಗ್ಗುತ್ತದೆ. ಇದು ಚೆನ್ನಾದ ವಿಧಾನ, ಪ್ರಯೋಗಾಲಯದಲ್ಲಿ ನಾಳಗಳು ಹೆಚ್ಚು ಶುಚಿಯಾಗಿ ಕಂಡಿವೆ. ಆದರೆ ಅಲ್ಟ್ರಾಸಾನಿಕ್ ಕಡ್ಡಿಯಿಂದ ದ್ರವವನ್ನು ಅಲುಗಾಡಿಸುವುದು ಅಗ್ಗದ ದಾರಿ, ಸಮರ್ಥವೂ ಹೌದು. ಹುಡುಕದೇ ಬಿಟ್ಟ ನಾಳಕ್ಕೆ ಯಾವ ಲೇಸರೂ ತಾನಾಗಿ ದಾರಿ ಮಾಡಿಕೊಳ್ಳುವುದಿಲ್ಲ. ಹಾಗಾಗಿ ಇಬ್ಬರಲ್ಲಿ ಒಬ್ಬರ ಬಳಿ ಲೇಸರ್, ಇನ್ನೊಬ್ಬರ ಬಳಿ ಮೈಕ್ರೋಸ್ಕೋಪ್ ಇದ್ದರೆ ನೀವು ಮೈಕ್ರೋಸ್ಕೋಪ್ ಇರುವವರ ಬಳಿ ಹೋಗಿ.

ಮರುಚಿಕಿತ್ಸೆಯೂ ಸೋತರೆ

ನಾಳದ ದಾರಿ ಮುಚ್ಚಿದ್ದರೆ, ಮುರಿದ ಫೈಲ್ ಅಡ್ಡ ಕೂತಿದ್ದರೆ, ಅಥವಾ ಎಲ್ಲ ಸರಿಯಾಗಿ ಮಾಡಿದರೂ ಗುಳ್ಳೆ ಹೋಗದಿದ್ದರೆ, ಬೇರಿನ ತುದಿಯನ್ನು ಹೊರಗಿನಿಂದ ತಲುಪುವ ಸೂಕ್ಷ್ಮ ಶಸ್ತ್ರಚಿಕಿತ್ಸೆ ಉಳಿದಿದೆ. ಮೈಕ್ರೋಸ್ಕೋಪ್ ತನ್ನ ಬೆಲೆಯನ್ನು ಪೂರ್ತಿ ತೀರಿಸುವುದು ಇಲ್ಲಿಯೇ. ಹಳೆಯ ಪದ್ಧತಿಯಲ್ಲಿ ಮೂಳೆಯಲ್ಲಿ ದೊಡ್ಡ ಕಿಂಡಿ ತೆಗೆದು, ತುದಿ ಕಾಣಲಿ ಎಂದು ಬೇರನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ, ಅಮಾಲ್ಗಂ (ಪಾದರಸ ಬೆರೆತ ಲೋಹದ ಫಿಲ್ಲಿಂಗ್) ತುಂಬುತ್ತಿದ್ದರು. ಓರೆ ಕತ್ತರಿಸಿದಾಗ ನಾಲಗೆಯ ಕಡೆಯ ನಾಳ ಉಳಿದುಬಿಡುತ್ತಿತ್ತು, ಡೆಂಟಿನ್‌ನ ಸಾವಿರಾರು ಕೊಳವೆಗಳು ತೆರೆದುಕೊಳ್ಳುತ್ತಿದ್ದವು. 2010ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿದ ವಿಶ್ಲೇಷಣೆಯೊಂದರಲ್ಲಿ ಹಳೆಯ ಪದ್ಧತಿಯ ಯಶಸ್ಸು ಶೇ. 59, ಮೈಕ್ರೋಸ್ಕೋಪ್ ಪದ್ಧತಿಯದು ಶೇ. 94 ಎಂದು ಬಂತು. ಆ ಅಂತರ ಮೈಕ್ರೋಸ್ಕೋಪ್ ಒಂದರಿಂದಲೇ ಬಂದದ್ದಲ್ಲ; ಅಲ್ಟ್ರಾಸಾನಿಕ್ ಟಿಪ್ ಮತ್ತು ಹೊಸ ಸಿಮೆಂಟುಗಳ ಪಾಲೂ ಅದರಲ್ಲಿದೆ. ಆದರೆ ಆ ಟಿಪ್‌ಗಳನ್ನು ಕಾಣದೆ ಬಳಸಲಾಗದು.

ಈಗಿನ ಕ್ರಮ ಹೀಗೆ. 2 ಶೇಕಡ ಲಿಗ್ನೋಕೇನ್ ಜೊತೆ 1:80,000 ಅಡ್ರಿನಲಿನ್ ಕೊಟ್ಟು, ರಕ್ತನಾಳಗಳು ಕುಗ್ಗಲಿ ಎಂದು ಹತ್ತು-ಹದಿನೈದು ನಿಮಿಷ ಕಾಯಬೇಕು. ಈ ಕಾಯುವಿಕೆಯಲ್ಲಿ ಆತುರಪಟ್ಟವರು ಮುಂದೆ ರಕ್ತ ಒರೆಸುವುದರಲ್ಲೇ ಕಾಲ ಕಳೆಯುತ್ತಾರೆ, ಏಕೆಂದರೆ ರಕ್ತ ತುಂಬಿದ ಕಿಂಡಿಯಲ್ಲಿ 20 ಪಟ್ಟು ದೊಡ್ಡದಾಗಿ ಕಾಣುವುದೂ ರಕ್ತವೇ. ಮೂಳೆಯಲ್ಲಿ 4–5 ಮಿ.ಮೀ. ಕಿಂಡಿ ಸಾಕು. ಬೇರಿನ ತುದಿಯಿಂದ 3 ಮಿ.ಮೀ. ಭಾಗವನ್ನು ಬಹುಮಟ್ಟಿಗೆ ನೇರವಾಗಿ ಕತ್ತರಿಸುತ್ತಾರೆ. ನಾಳದ ಸಣ್ಣ ಕವಲುಗಳಲ್ಲಿ ಬಹುಪಾಲು ಆ 3 ಮಿ.ಮೀ. ಒಳಗೇ ಇರುತ್ತವೆ. ಕತ್ತರಿಸಿದ ಮುಖಕ್ಕೆ ಮೆಥಿಲೀನ್ ಬ್ಲೂ ಹಚ್ಚಿ, 3–5 ಮಿ.ಮೀ. ಅಗಲದ ಪುಟ್ಟ ಕನ್ನಡಿಯಲ್ಲಿ ನೋಡಿದರೆ ಎರಡು ನಾಳಗಳ ನಡುವಿನ ಸಂದು ನೀಲಿ ಗೆರೆಯಾಗಿ ಕಾಣುತ್ತದೆ. ಬರಿಗಣ್ಣಿಗೆ ಎಂದೂ ಕಾಣದ ಈ ಸಂದೇ ಎಷ್ಟೋ ಹಳೆಯ ಶಸ್ತ್ರಚಿಕಿತ್ಸೆಗಳನ್ನು ಸೋಲಿಸಿದ್ದು. ಅಲ್ಟ್ರಾಸಾನಿಕ್ ಟಿಪ್‌ನಿಂದ ನಾಳದ ನೇರಕ್ಕೆ 3 ಮಿ.ಮೀ. ಒಳಗೆ ಕೊರೆದು ಎಂಟಿಎ ಅಥವಾ ಬಯೋಸೆರಾಮಿಕ್ ಪುಟ್ಟಿ (ಒದ್ದೆಯಲ್ಲೂ ಗಟ್ಟಿಯಾಗುವ ಹಲ್ಲಿನ ಸಿಮೆಂಟುಗಳು) ತುಂಬುತ್ತಾರೆ. 5-0 ಅಥವಾ 6-0 ಅಳತೆಯ ತೀರ ತೆಳ್ಳಗಿನ ದಾರದ ಹೊಲಿಗೆ, ಮೂರರಿಂದ ಐದು ದಿನಕ್ಕೆ ತೆಗೆಯುವುದು. ನಿಮ್ಮ ಹಲ್ಲಿನಲ್ಲಿ ಕೆನ್ನೆ ಕಡೆಯ ಬೇರುಗಳಿಗೆ ಇದು ಸುಲಭ. ಅಂಗುಳಿನ ಬೇರಿಗೆ ಕಷ್ಟ, ಸೈನಸ್ ಹತ್ತಿರ. ಸೈನಸ್ಸಿನ ಪೊರೆ ಹರಿದರೆ ಭಯಪಡಬೇಕಿಲ್ಲ, ಸಣ್ಣದಾದರೆ ತಾನೇ ಕೂಡುತ್ತದೆ. ಕತ್ತರಿಸಿದ ಬೇರಿನ ತುಂಡು ಒಳಗೆ ಜಾರದಂತೆ ನೋಡಿಕೊಳ್ಳಬೇಕು, ನೀವು ಎರಡು ವಾರ ಮೂಗನ್ನು ಜೋರಾಗಿ ಸೀದಬಾರದು.

ಅಮ್ಮನ ವಸಡು ಮತ್ತು ಲೇಸರ್

ಅಮ್ಮನ ವಸಡು ಬೆಳೆಯಲು ಅಮ್ಲೋಡಿಪಿನ್ ಕಾರಣವಾಗಿರಬಹುದು. ಈ ಗುಂಪಿನ ಬಿಪಿ ಮಾತ್ರೆಗಳು, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಅಂಗ ಕಸಿ ಆದವರಿಗೆ ಕೊಡುವ ಸೈಕ್ಲೋಸ್ಪೋರಿನ್ – ಇವು ಮೂರೂ ಕೆಲವರಲ್ಲಿ ವಸಡನ್ನು ದಪ್ಪ ಮಾಡುತ್ತವೆ. ಹಲ್ಲಿನ ಬುಡದಲ್ಲಿ ಗಾರೆ (ಗಟ್ಟಿಯಾದ ಕೊಳೆ) ಕಟ್ಟಿದ್ದರೆ ಇನ್ನೂ ಹೆಚ್ಚು. ಹಾಗಿರುವಾಗ ಮೊದಲೇ ಲೇಸರ್ ಹಿಡಿದು ಕತ್ತರಿಸಿದರೆ ತಿಂಗಳುಗಳಲ್ಲೇ ಮತ್ತೆ ಬೆಳೆಯುತ್ತದೆ. ಮೊದಲು ಪೂರ್ತಿ ಕ್ಲೀನಿಂಗ್, ಬೇರಿನವರೆಗೂ. ಜೊತೆಗೆ ಹೃದಯದ ಡಾಕ್ಟರನ್ನು ಕೇಳಿ, ಬೇರೆ ಗುಂಪಿನ ಬಿಪಿ ಮಾತ್ರೆಗೆ ಬದಲಿಸಬಹುದೇ ಎಂದು. ನೀವಾಗಿಯೇ ನಿಲ್ಲಿಸಬೇಡಿ. ಎರಡೂ ಆಗಿ ಎರಡು-ಮೂರು ತಿಂಗಳಿಗೆ ವಸಡು ಬಹಳಷ್ಟು ಇಳಿಯುವುದುಂಟು, ಉಳಿದದ್ದಕ್ಕಷ್ಟೇ ಶಸ್ತ್ರ. ಆಸ್ಪಿರಿನ್ನನ್ನೂ ನಿಲ್ಲಿಸಬಾರದು: ವಸಡಿನ ರಕ್ತವನ್ನು ಹತ್ತಿ ಒತ್ತಿ ನಿಲ್ಲಿಸಬಹುದು, ಹೃದಯದ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಹಾಗೆ ತೆಗೆಯಲಾಗದು.

ಇಲ್ಲಿ ‘ಲೇಸರ್’ ಎಂಬ ಮಾತನ್ನು ಬಿಡಿಸಿ ನೋಡಬೇಕು. ಲೇಸರ್ ಎಂದರೆ ಒಂದು ಯಂತ್ರವಲ್ಲ. ಬೆಳಕಿನ ತರಂಗಾಂತರ ಯಾವುದೋ ಅದರ ಮೇಲೆ ಅದು ಏನನ್ನು ಸುಡುತ್ತದೆ ಎಂಬುದು ನಿಂತಿದೆ. 810, 940, 980 ನ್ಯಾನೋಮೀಟರಿನ ಡಯೋಡ್, 1064ರ ಎನ್‌ಡಿ-ಯಾಗ್ ಇವುಗಳ ಬೆಳಕನ್ನು ಹೀರುವುದು ಹಿಮೋಗ್ಲೋಬಿನ್ ಮತ್ತು ಮೆಲನಿನ್. ಆದ್ದರಿಂದ ವಸಡಿಗೆ, ರಕ್ತ ನಿಲ್ಲಿಸಲು ಒಳ್ಳೆಯವು. ಹಲ್ಲು, ಮೂಳೆ ಕತ್ತರಿಸಲು ಬಾರವು. 2780 ಮತ್ತು 2940ರ ಎರ್ಬಿಯಂ ಲೇಸರುಗಳನ್ನು ನೀರು ಹೀರುತ್ತದೆ. ಎನಾಮೆಲ್, ಮೂಳೆಯೊಳಗಿನ ನೀರು ಆವಿಯಾಗಿ ಸಿಡಿಯುವುದರಿಂದ ಗಟ್ಟಿ ಭಾಗವನ್ನೂ ಕತ್ತರಿಸುತ್ತವೆ, ಆದರೆ ರಕ್ತ ನಿಲ್ಲಿಸುವುದರಲ್ಲಿ ಹಿಂದೆ. 10,600ರ ಕಾರ್ಬನ್ ಡೈಆಕ್ಸೈಡ್ ಲೇಸರ್ ವಸಡನ್ನು ವೇಗವಾಗಿ ತೆಗೆಯುತ್ತದೆ. 1960ರ ದಶಕದಲ್ಲಿ ರೂಬಿ ಲೇಸರನ್ನು ಹಲ್ಲಿಗೆ ಹಿಡಿದು ನೋಡಿದವರಿಗೆ ಸಿಕ್ಕಿದ್ದು ಸುಟ್ಟ ಹಲ್ಲು. 1965ರ ಒಂದು ಪ್ರಯೋಗ ಕೋತಿಗಳ ಹಲ್ಲಿನ ಒಳಗೆ 5.5 ಡಿಗ್ರಿ ಏರಿದರೂ ಕೆಲವು ಹಲ್ಲುಗಳ ಜೀವ ಹೋಗುತ್ತದೆ ಎಂದು ತೋರಿಸಿತು. ನೀರು ಚಿಮ್ಮಿಸುತ್ತ ಕತ್ತರಿಸುವ ಎರ್ಬಿಯಂ ಲೇಸರಿಗೆ ಹಲ್ಲಿನ ಮೇಲೆ ಬಳಸಲು ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1997ರಲ್ಲಿ.

ನಮ್ಮ ಊರುಗಳ ಕ್ಲಿನಿಕ್‌ಗಳಲ್ಲಿ ‘ಲೇಸರ್ ಇದೆ’ ಎಂದರೆ ಹೆಚ್ಚಾಗಿ ಡಯೋಡ್. ಅಮ್ಮನ ಕೆಲಸಕ್ಕೆ ಅದು ಸಾಕು. ವಸಡು ಕತ್ತರಿಸುವಾಗ ಫೈಬರಿನ ತುದಿಯನ್ನು ಮೊದಲು ಬಣ್ಣದ ಕಾಗದಕ್ಕೆ ಅಥವಾ ಕಾರ್ಕಿಗೆ ತಾಗಿಸಿ ಕಪ್ಪು ಮಾಡಿಕೊಳ್ಳುತ್ತಾರೆ. ಆಮೇಲೆ ಕತ್ತರಿಸುವುದು ಬಹುಮಟ್ಟಿಗೆ ಕಾದ ಆ ತುದಿ. ಸಾಮಾನ್ಯವಾಗಿ 1ರಿಂದ 1.5 ವ್ಯಾಟ್ ಸಾಕು. ಕುಂಚ ಆಡಿಸಿದಂತೆ ಹಗುರಾಗಿ, ಎಲ್ಲೂ ನಿಲ್ಲದೆ ಸಾಗಬೇಕು. ನಮ್ಮಲ್ಲಿ ಬಹಳ ಜನರ ವಸಡು ಕಂದು ಅಥವಾ ಕಪ್ಪು. ಮೆಲನಿನ್ ಹೆಚ್ಚಿದ್ದಷ್ಟೂ ಡಯೋಡ್ ಬೆಳಕನ್ನು ವಸಡು ಹೆಚ್ಚು ಹೀರಿ ಬೇಗ ಕಾಯುತ್ತದೆ. ತಿಳಿ ಗುಲಾಬಿ ವಸಡಿಗೆ ಹೊಂದಿಸಿದ ಅಂಕಿಯನ್ನೇ ಕಪ್ಪು ವಸಡಿಗೂ ಇಟ್ಟರೆ ಅಂಗಾಂಶ ಆಳದವರೆಗೆ ಬೇಯುತ್ತದೆ. ಕಡಿಮೆಯಿಂದ ಶುರುಮಾಡಿ ಏರಿಸುವವರೇ ಬಲ್ಲವರು. ಸುಟ್ಟ ಕರಿ ಕಂಡರೆ ಒದ್ದೆ ಗಾಜ್‌ನಿಂದ ಒರೆಸಬೇಕು, ಅದರ ಮೇಲೆಯೇ ಮತ್ತೆ ಹಾಯಿಸಬಾರದು.

ಇಂಜೆಕ್ಷನ್ ಬೇಡ ಎನ್ನುವುದು ಅಮ್ಮನ ವಿಷಯದಲ್ಲಿ ಸರಿಯಲ್ಲ. ಚರ್ಮದಷ್ಟು ತೆಳುವಾದ ಮಾಂಸ ತೆಗೆಯಲು ಹಚ್ಚುವ ಜೆಲ್ ಸಾಕಾಗಬಹುದು. ಆರು ಹಲ್ಲುಗಳ ಮೇಲೆ ಬೆಳೆದ ದಪ್ಪ ವಸಡಿಗೆ ಸಾಲದು. ಹೃದಯದ ಕಾಯಿಲೆ ಇರುವುದರಿಂದ ಅಡ್ರಿನಲಿನ್ ಒಟ್ಟು 0.04 ಮಿ.ಗ್ರಾಂ. ಮೀರದಂತೆ, ಅಂದರೆ 1:80,000 ದ್ರಾವಣ ಸುಮಾರು 3 ಮಿ.ಲೀ. ಒಳಗೆ ಇರುವಂತೆ ನೋಡಿಕೊಳ್ಳುತ್ತಾರೆ. ನೋವಾದರೆ ದೇಹವೇ ಸುರಿಸುವ ಅಡ್ರಿನಲಿನ್ ಇದಕ್ಕಿಂತ ಕೆಟ್ಟದ್ದು, ಹಾಗಾಗಿ ಮರಗಟ್ಟಿಸಿಯೇ ಮಾಡಬೇಕು. ರಕ್ತ ಬರುವುದಿಲ್ಲ ಎಂಬ ಮಾತು ಹೆಚ್ಚುಕಡಿಮೆ ನಿಜ: ಸಣ್ಣ ರಕ್ತನಾಳಗಳು ಅಲ್ಲೇ ಮುಚ್ಚಿಕೊಳ್ಳುತ್ತವೆ, ಹೊಲಿಗೆ ಬೇಕಾಗುವುದಿಲ್ಲ. ಆಸ್ಪಿರಿನ್ ಮೇಲಿರುವವರಿಗೆ ಇದು ದೊಡ್ಡ ಅನುಕೂಲ. ಪೇಸ್‌ಮೇಕರ್ ಇರುವವರಿಗೆ ವಿದ್ಯುತ್ ಚಾಕುವಿನ ಬದಲು ಲೇಸರನ್ನೇ ಆರಿಸಲು ಕಾರಣವೂ ಇದೆ. ಬೆಳಕಿನಿಂದ ಆ ಯಂತ್ರಕ್ಕೆ ಅಡಚಣೆಯಿಲ್ಲ.

ಎರಡು-ಮೂರನೆಯ ದಿನ ಗಾಯದ ಮೇಲೆ ಬಿಳಿ-ಹಳದಿ ಪದರ ಕಟ್ಟುತ್ತದೆ. ಅದು ಕೀವಲ್ಲ, ಗಾಯ ಮಾಯುವಾಗ ಕೂಡುವ ಫೈಬ್ರಿನ್, ಬ್ರಷ್ಷಿನಿಂದ ಕೆರೆಯಬಾರದು. ಮೊದಲ ವಾರ ಲೇಸರ್ ಗಾಯ ಚಾಕುವಿನ ಗಾಯಕ್ಕಿಂತ ಕೊಂಚ ನಿಧಾನವಾಗಿಯೇ ಮಾಯುವುದುಂಟು, ಆದರೆ ನೋವು ಸಾಮಾನ್ಯವಾಗಿ ಕಡಿಮೆ. ಖಾರ, ಬಿಸಿ ಸಾರು, ಹಪ್ಪಳದಂಥ ಚುಚ್ಚುವ ತಿಂಡಿ ಒಂದು ವಾರ ಬೇಡ. ಸಕ್ಕರೆ ಕಾಯಿಲೆ ಇದ್ದರೆ ಅದು ಹಿಡಿತದಲ್ಲಿದೆಯೇ ಎಂದು ಮೊದಲೇ ರಕ್ತ ಪರೀಕ್ಷೆ ಆಗಬೇಕು.

ಡಯೋಡ್ ಎಲ್ಲಿ ಕೆಡಿಸುತ್ತದೆ ಎಂದರೆ, ವಸಡಿನ ಕೆಳಗಿನ ಮೂಳೆಗೆ ತಾಗಿದಾಗ. ಇನ್ನೊಂದು ತಪ್ಪು ಲೆಕ್ಕದ್ದು. ಮೂಳೆಯ ಅಂಚಿನಿಂದ ವಸಡು ಹಲ್ಲಿಗೆ ಅಂಟಿಕೊಳ್ಳುವ ಪಟ್ಟಿ ಸರಾಸರಿ 2 ಮಿ.ಮೀ.; ಮಾಮೂಲಿ ವಸಡನ್ನು ಚಂದಕ್ಕೆಂದು ಅದರೊಳಗೂ ಕತ್ತರಿಸಿ ಕ್ಯಾಪ್ ಹಾಕಿದರೆ, ವಸಡು ಕೆಂಪಗೆ ಊದಿಯೇ ಇರುತ್ತದೆ, ಅಥವಾ ಬೆಳೆದು ಮತ್ತೆ ಹಳೆಯ ಜಾಗಕ್ಕೆ ಬರುತ್ತದೆ. ಅಲ್ಲಿ ಮೂಳೆಯನ್ನೂ ಇಳಿಸಬೇಕು, ಅದು ಡಯೋಡ್‌ನಿಂದಾಗದು. ವಸಡಿನ ಸಾಮಾನ್ಯ ರೋಗಕ್ಕೆ, ಅಂದರೆ ಹಲ್ಲು ಅಲ್ಲಾಡುವುದು, ಕೀವು ಬರುವುದಕ್ಕೆ, ಕ್ಲೀನಿಂಗ್ ಬದಲು ಲೇಸರ್ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೇರಿಗೆ ಅಂಟಿದ ಗಾರೆಯನ್ನು ಡಯೋಡ್ ತೆಗೆಯುವುದಿಲ್ಲ. ಕ್ಲೀನಿಂಗ್ ಜೊತೆಗೆ ಸೇರಿಸಿದಾಗ ಸಿಗುವ ಹೆಚ್ಚುವರಿ ಲಾಭವೂ ಅಲ್ಪ.

ಕೋಣೆಯಲ್ಲಿ ನೀವು ನೋಡಬಹುದಾದ ಸಂಗತಿಗಳಿವು. ಲೇಸರ್ ಆನ್ ಮಾಡುವ ಮುಂಚೆ ಅಮ್ಮನಿಗೆ, ಡಾಕ್ಟರಿಗೆ, ಸಹಾಯಕಿಗೆ ಮೂವರಿಗೂ ಕನ್ನಡಕ ಬೇಕು. ಅದರ ಮೇಲೆ ಬರೆದ ತರಂಗಾಂತರ ಯಂತ್ರದ್ದಕ್ಕೆ ಹೊಂದಬೇಕು. 980ರ ಡಯೋಡಿಗೆ 2940ರ ಕನ್ನಡಕ ಹಾಕಿದರೆ ಹಾಕದಂತೆಯೇ. ಇವು ನಾಲ್ಕನೇ ವರ್ಗದ ಲೇಸರುಗಳು, ಬಾಯಿಯೊಳಗಿನ ಸ್ಟೀಲ್ ಕನ್ನಡಿಯಿಂದ ಪ್ರತಿಫಲಿಸಿದ ಕಿರಣವೂ ಕಣ್ಣಿನ ಪರದೆಯನ್ನು ಸುಡಬಲ್ಲದು. ಏಳುವ ಹೊಗೆಯಲ್ಲಿ ಸುಟ್ಟ ಕಣ, ವೈರಸ್ಸಿನ ತುಣುಕುಗಳಿರಬಹುದು. ಸಕ್ಷನ್ ಗಾಯದಿಂದ ನಾಲ್ಕೈದು ಸೆಂಟಿಮೀಟರ್ ಒಳಗೇ ಇರಬೇಕು. ಸ್ಪಿರಿಟ್ ಅದ್ದಿದ ಹತ್ತಿ ಹತ್ತಿರ ಇರಬಾರದು, ಹೊತ್ತಿಕೊಳ್ಳುತ್ತದೆ. ಎರ್ಬಿಯಂ ಬಳಸುವಾಗ ಅದರ ಗಾಳಿ-ನೀರಿನ ಚಿಮ್ಮುವಿಕೆ ವಸಡಿನ ಸಂದಿಗೆ ನೇರ ನುಗ್ಗಿದರೆ ಕೆನ್ನೆಯ ಚರ್ಮದಡಿ ಗಾಳಿ ಸೇರಿ ಊದಿಕೊಳ್ಳುತ್ತದೆ. ಒತ್ತಿದರೆ ಚರಚರ ಎನ್ನುವ ಊತ ಕಂಡರೆ ಅಲ್ಲೇ ನಿಲ್ಲಿಸಬೇಕು.

ಇಬ್ಬರಲ್ಲಿ ಯಾರಾದರೂ ಅಡಿಕೆ, ಗುಟ್ಕಾ ಜಗಿಯುವವರಾದರೆ ಅದನ್ನು ಮೊದಲೇ ಹೇಳಿ. ಅಡಿಕೆಯಿಂದ ಕೆನ್ನೆಯ ಒಳಭಾಗ ನಾರುಗಟ್ಟಿ ಬಾಯಿ ಎರಡು ಬೆರಳಷ್ಟೂ ತೆರೆಯದಿದ್ದರೆ, ಹಿಂದಿನ ಹಲ್ಲಿಗೆ ಕನ್ನಡಿ, ಹ್ಯಾಂಡ್‌ಪೀಸ್, ಮೈಕ್ರೋಸ್ಕೋಪಿನ ದೃಷ್ಟಿ ಮೂರೂ ಒಟ್ಟಿಗೆ ಹಿಡಿಸುವುದಿಲ್ಲ. ಆಗ ಯೋಜನೆಯನ್ನೇ ಬೇರೆ ಮಾಡಬೇಕಾಗುತ್ತದೆ.

ನಿಮ್ಮ ಹಲ್ಲಿನ ಚಿಕಿತ್ಸೆ ಮುಗಿದ ಮೇಲೆ ಆರು ತಿಂಗಳಿಗೆ, ಒಂದು ವರ್ಷಕ್ಕೆ ಎಕ್ಸ್‌ರೇ ತೆಗೆಸಿ, ಮೊದಲಿನದರ ಪಕ್ಕದಲ್ಲಿಟ್ಟು ಹೋಲಿಸಲು ಹೇಳಿ. ಗುಳ್ಳೆ ಕೆಲವು ವಾರದಲ್ಲೇ ಮುಚ್ಚಬೇಕು. ಮೂಳೆಯ ಕಪ್ಪು ಕಲೆ ತುಂಬಲು ಮಾತ್ರ ವರ್ಷವೇ ಬೇಕು, ದೊಡ್ಡ ಕಲೆಗೆ ನಾಲ್ಕು ವರ್ಷದವರೆಗೂ ಕಾದು ನೋಡುವುದುಂಟು. ಕಲೆ ಚಿಕ್ಕದಾಗುತ್ತಿದ್ದರೆ ಯಾರೇ ಅವಸರಿಸಿದರೂ ಕೀಳಿಸಬೇಡಿ. ಈ ನಡುವೆ ಕೆನ್ನೆಯ ಊತ ಕಣ್ಣಿನ ಕಡೆಗೆ ಏರಿದರೆ, ಜ್ವರ ಬಂದರೆ, ನುಂಗಲು ಕಷ್ಟವಾದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ.